ಬಣ್ಣ ಕೆರೆಯದ ತಂತಿ

ನನ್ನ ಬಾಯಿ ಸರಿಯಿಲ್ಲ, ಅದು ನನಗೂ ಗೊತ್ತು. ಸೊರಬದ ಕಚೇರಿಯಲ್ಲಿ ಎಲ್ಲರೂ ನನ್ನ ಜೊತೆ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಾರೆ. ಬಾಡಿಗೆ ಕೋಣೆಗೆ ಬಂದರೆ ಅದೂ ಇಲ್ಲ. ಹವ್ಯಾಸಿ ರೇಡಿಯೋ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಬಂದಮೇಲೆ ಪಾರ್ಸೆಲ್‌ನಲ್ಲಿ, ಕರೆ ಕಳಿಸುವ ಸೆಟ್ಟನ್ನು ನಾವೇ ಜೋಡಿಸಿಕೊಳ್ಳುವ ಕಿಟ್ ತರಿಸಿದ್ದು ಇದಕ್ಕೇ. ಮುಖ ಗೊತ್ತಿಲ್ಲದ ಯಾರಾದರೂ ಸರಿ, ಒಬ್ಬರು ನನ್ನ ಕರೆಗೆ ಓಗೊಡಲಿ ಎಂಬ ಆಸೆ.

ಬೆಸುಗೆ ಕಲಿಸಿದವರು ಶಿಕಾರಿಪುರದ ರೇಡಿಯೋ ರಿಪೇರಿ ಸಾಹೇಬರು. ಅವರ ಅಂಗಡಿಯಲ್ಲಿ ಈಗ ಮೊಬೈಲ್ ಕವರುಗಳೇ ಹೆಚ್ಚು. "ಮೊದ್ಲು ಜಾಯಿಂಟ್ ಕಾಯ್ಲಿ, ಅವಸರ ಮಾಡಬ್ಯಾಡ್ರೀ" ಎನ್ನುತ್ತಿದ್ದರು. ಅವರ ಹಳೆಯ ಶಾರ್ಟ್‌ವೇವ್ ಸೆಟ್ಟಿನ ಗಾಜಿನ ಮೇಲೆ ನಾನೇ ಒಂದು ಕೆಂಪು ಚುಕ್ಕಿ ಇಟ್ಟು, "ಭಾನುವಾರ ಬೆಳಿಗ್ಗೆ ಎಂಟಕ್ಕೆ ಮುಳ್ಳು ಇಲ್ಲಿಟ್ಟು ಕೇಳಿ, ಮೋರ್ಸ್ ಸಂಕೇತದಲ್ಲಿ ಕರೀತೀನಿ" ಎಂದು ಜಂಬ ಕೊಚ್ಚಿಕೊಂಡಿದ್ದೆ.

ಬಿಡಿಭಾಗಗಳೋ ಅಕ್ಕಿಕಾಳಿಗಿಂತ ಚಿಕ್ಕವು. ಚಿಮುಟದಿಂದ ಹಾರಿದ ಒಂದು ಕೆಪಾಸಿಟರ್ ಹುಡುಕುತ್ತ ಇಡೀ ಮಧ್ಯಾಹ್ನ ನೆಲದ ಮೇಲೆ ಮೊಣಕಾಲೂರಿದ್ದೆ. ಸಿಕ್ಕಾಗ "ಸಿಕ್ತು!" ಎಂದು ಕೂಗಿದೆ. ಕೇಳಲು ಯಾರೂ ಇರಲಿಲ್ಲ. ಎಲ್ಲ ಮುಗಿಸಿ ಸ್ವಿಚ್ ಹಾಕಿದರೆ ಸೆಟ್ಟು ತುಟಿಪಿಟಿಕ್ಕೆನ್ನಲಿಲ್ಲ.

ಸಾಹೇಬರಿಗೆ ಫೋನ್ ಮಾಡಿದೆ. "ಕಾಯಿಲ್ ತಂತಿ ತುದಿ ಬಣ್ಣ ಕೆರದ್ರೇನ್ರೀ?" ಎಂದರು.

"ಅಷ್ಟೂ ಗೊತ್ತಾಗಲ್ವಾ ನನಗೆ?" ಎಂದು ಫೋನ್ ಕಟ್ ಮಾಡಿದೆ.

ಮೂರು ವಾರ ಒಂದೊಂದೇ ಬೆಸುಗೆ ಬಿಚ್ಚಿ ಹಾಕಿದೆ, ಆ ಕಾಯಿಲ್ ಬಿಟ್ಟು. ಕೊನೆಗೆ, ಹೇಗೂ ಯಾರೂ ನೋಡುತ್ತಿಲ್ಲವಲ್ಲ ಎಂದು ತುದಿಯನ್ನು ಬ್ಲೇಡಿನಿಂದ ಕೆರೆದೆ. ತಾಮ್ರದ ಬಣ್ಣದ್ದೇ ವಾರ್ನಿಷ್ ಪುಡಿಪುಡಿಯಾಗಿ ಉದುರಿ, ಒಳಗೆ ನಿಜವಾದ ತಾಮ್ರ ಕಂಡಿತು. ನನ್ನ ಬೆಸುಗೆ ಮಿರಮಿರ ಮಿಂಚುತ್ತ ವಾರ್ನಿಷ್ ಮೇಲೆ ಕೂತಿತ್ತು, ತಂತಿಯನ್ನು ಮುಟ್ಟಿಯೇ ಇರಲಿಲ್ಲ. ಮತ್ತೆ ಬೆಸೆದಾಗ ಹೆಡ್‌ಫೋನಿನಲ್ಲಿ ಸೊಂಯ್ ಎಂದಿತು. ಸಾಹೇಬರಿಗೆ ಹೇಳಲು ಮಾತ್ರ ಮುಖವಿರಲಿಲ್ಲ.

ಭಾನುವಾರ ಎಂಟಕ್ಕೆ ಸರಿಯಾಗಿ ಕರೆದೆ. ಕರೆದು ಕಾದೆ, ಮತ್ತೆ ಕರೆದೆ. ಅರ್ಧ ಗಂಟೆಯಾದರೂ ಯಾರೂ ಉತ್ತರಿಸಲಿಲ್ಲ. ಅಳು ಬಂತು. ಸೆಟ್ಟು ಆರಿಸಲು ಹೋದಾಗ ಫೋನ್ ರಿಂಗಾಯಿತು.

"ಕೆರದ್ರಿ ಅಲ್ಲೇನ್ರೀ?" ಎಂದರು ಸಾಹೇಬರು. "ಮೂರು ಭಾನುವಾರ ಮುಳ್ಳು ಚುಕ್ಕಿ ಮ್ಯಾಲೆ ಇಟ್ಕೊಂಡು ಕುಂತಿದ್ದೆ. ಬರೀ ಸೊಂಯ್ ಅಂತಿತ್ತು. ಇವತ್ತು ಎಂಟಕ್ಕೆ ಆ ಸೊಂಯ್, ಯಾರೋ ಕೀಲಿ ಒತ್ತಿ ಒತ್ತಿ ಬಿಟ್ಟಂಗೆ ನಿಂತು ನಿಂತು ಬಂತು. ಏನು ಹೇಳಿದ್ರೋ ನಂಗೆ ತಿಳೀಲಿಲ್ಲ. ನೀವು ಅದೀರಿ ಅಂತ ಗೊತ್ತಾತು."

ತಪ್ಪಾಯಿತು ಎನ್ನಲು ಬಾಯಿ ತೆರೆದೆ. ಆದರೆ ಈ ಬಾಯಿಯನ್ನು ನಂಬಲಿಲ್ಲ. ಫೋನನ್ನು ಕಟ್ ಮಾಡದೆ ಮೇಜಿನ ಮೇಲಿಟ್ಟು, ಅದೇ ಮಾತನ್ನು ಒಂದೊಂದೇ ಅಕ್ಷರವಾಗಿ ಮೋರ್ಸ್ ಕೀಲಿಯಲ್ಲಿ ಒತ್ತಿದೆ.

"ಬಂತು, ಬಂತು" ಎಂದರು ಸಾಹೇಬರು.