ಕಪ್ಪು ಬೂಷ್ಟು ಸಾಕಿ ಸಕ್ಕರೆ ಹಿಡಿಯುವ ಜ್ಯೋತಿಲಕ್ಷ್ಮಿ

ಅಬ್ಬಿಗೆರೆಯ ಹಳೇ ಊರಿನ ಬೀದಿಯಲ್ಲಿ ಇನ್ನೂ ಪೂರ್ತಿ ಬೆಳಕಾಗಿಲ್ಲ. ಅಂಗಡಿಯ ಮುಂದೆ ಮೊದಲ ಟೀ ಕುಡಿಯುತ್ತಿರುವ ಹಿರಿಯರು, ದೂರದಲ್ಲಿ ಜ್ಯೋತಿಲಕ್ಷ್ಮಿ ಬರುವುದನ್ನು ಕಂಡದ್ದೇ ತಡ, ಮೆಲ್ಲಗೆ ಎಡಗೈಯನ್ನು ಪಂಚೆಯ ಮಡಿಕೆಯೊಳಗೆ ಸೇರಿಸುತ್ತಾರೆ. ಒಬ್ಬರಂತೂ ಲೋಟ ಕೆಳಗಿಟ್ಟು ಎರಡೂ ಕೈಗಳನ್ನು ಕಂಕುಳಲ್ಲಿ ಭದ್ರಪಡಿಸಿಕೊಳ್ಳುತ್ತಾರೆ.

“ಬಂದ್ಲು ಕಣ್ರಪ್ಪೋ, ಸೂಜಿ ಡಾಕ್ಟ್ರಮ್ಮ,” ಎಂದು ಎಚ್ಚರಿಸುವವರು ಬಾಗಿಲಿಗೆ ನೀರು ಹಾಕುತ್ತಿರುವ ಅಂಜಿನಮ್ಮ, ಜ್ಯೋತಿಲಕ್ಷ್ಮಿಯವರ ಸೋದರತ್ತೆ. “ಇಂಗೆ ಚುಚ್ತಾ ಇದ್ರೆ ಊರಲ್ಲಿ ಯಾರ ಮೈಯಾಗೂ ರಕ್ತ ಉಳಿಯಾಕಿಲ್ಲ.”

“ಒಂದೇ ಹನಿ ಅತ್ತೆ. ಸೊಳ್ಳೆ ಇದಕ್ಕಿಂತ ಜಾಸ್ತಿ ಕುಡಿಯುತ್ತೆ.”

“ಸೊಳ್ಳೆ ಕುಡುದ್ಬುಟ್ಟು ಒಂಟೋಯ್ತದೆ. ನೀನು ಕುಡುದ್ಬುಟ್ಟು ರಾತ್ರಿ ಏನ್ ತಿಂದೆ ಅಂತ ಕೇಳ್ತೀಯ!”

ಇಷ್ಟು ಹೇಳಿದ ಮೇಲೆ ಅಂಜಿನಮ್ಮನೇ ಮೊದಲು ಬೆರಳು ಚಾಚುತ್ತಾರೆ. ಜ್ಯೋತಿಲಕ್ಷ್ಮಿ ಆ ಒಂದು ಹನಿಯನ್ನು ಉಗುರಿನಷ್ಟು ಅಗಲದ ಪಟ್ಟಿಯ ತುದಿಗೆ ಮುಟ್ಟಿಸಿ, ಪುಟ್ಟ ಯಂತ್ರದ ಪರದೆ ನೋಡುತ್ತಾ ಉಸಿರು ಹಿಡಿದು ನಿಲ್ಲುತ್ತಾರೆ. ಇಪ್ಪತ್ತು ವರ್ಷಗಳಿಂದಲೂ ಅವರು ಹೀಗೇ ಉಸಿರು ಹಿಡಿಯುತ್ತಿದ್ದಾರೆ.

ಇವರು ವೈದ್ಯೆಯಲ್ಲ, ಜೀವರಸಾಯನ ವಿಜ್ಞಾನಿ. ಯಶವಂತಪುರದ ಕೈಗಾರಿಕಾ ಪ್ರದೇಶದಲ್ಲಿ ಬೇರಿಂಗ್ ಗೋದಾಮಿನ ಮೇಲಿನ ಮಹಡಿಯಲ್ಲಿರುವ ಸಣ್ಣ ಪ್ರಯೋಗಾಲಯ ಇವರ ಕಾರ್ಯಕ್ಷೇತ್ರ. ಮಧುಮೇಹಿಗಳು ಮನೆಯಲ್ಲೇ ಸಕ್ಕರೆ ಅಳೆದುಕೊಳ್ಳುವ ಪಟ್ಟಿಯ ತುದಿಯಲ್ಲಿ, ಕಣ್ಣಿಗೆ ಕಾಣದಷ್ಟು ತೆಳುವಾಗಿ ಒಂದು ಕಿಣ್ವವನ್ನು ಸವರಿರುತ್ತಾರೆ. ರಕ್ತದಲ್ಲಿರುವ ಗ್ಲೂಕೋಸ್ ಜತೆ ಅದು ಸೇರಿದಾಗ ಒಂಚೂರು ವಿದ್ಯುತ್ ಹುಟ್ಟುತ್ತದೆ. ಸಕ್ಕರೆ ಹೆಚ್ಚಿದಷ್ಟೂ ವಿದ್ಯುತ್ ಹೆಚ್ಚು. ಯಂತ್ರ ಅದನ್ನು ಅಳೆದು ಅಂಕಿಯಲ್ಲಿ ತೋರಿಸುತ್ತದೆ.

“ರಕ್ತದಲ್ಲಿ ಏನೇನೋ ಇರುತ್ತೆ. ಈ ಕಿಣ್ವ ಬೇರೆ ಯಾವುದನ್ನೂ ಮಾತಾಡಿಸಲ್ಲ, ಗ್ಲೂಕೋಸನ್ನೇ ಹುಡುಕ್ಕೊಂಡು ಹೋಗಿ ಹಿಡಿಯುತ್ತೆ,” ಎನ್ನುತ್ತಾರೆ ಅವರು. “ಮದುವೆ ಮನೇಲಿ ಎಷ್ಟೇ ಜನ ಇರ್ಲಿ, ತನ್ನ ಥರದ್ದೇ ಸೀರೆ ಉಟ್ಟೋರನ್ನ ನಮ್ಮತ್ತೆ ಹುಡುಕಿ ಹಿಡೀತಾರಲ್ಲ, ಹಾಗೆ.”

ತಂದೆ ಪಿಳ್ಳಪ್ಪನವರದ್ದು ದ್ರಾಕ್ಷಿ ತೋಟ. ತೋಟವಿದ್ದ ಜಾಗದಲ್ಲಿ ಈಗ ಅಪಾರ್ಟ್‌ಮೆಂಟ್ ನಿಂತಿದೆ. ಮನೆತನದಲ್ಲಿ ಪಿಎಚ್‌.ಡಿ. ಮಾಡಿದ ಮೊದಲಿಗರು ಜ್ಯೋತಿಲಕ್ಷ್ಮಿ. ಗಂಡು ನೋಡುವಾಗ ಮಧ್ಯಸ್ಥಗಾರರು ‘ಹುಡುಗಿ ಸಕ್ಕರೆ ಲೈನಲ್ಲಿದ್ದಾಳೆ’ ಎಂದಷ್ಟೇ ಹೇಳಿಬಿಟ್ಟಿದ್ದರಂತೆ. ಬಂದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ: “ಮಂಡ್ಯ ಫ್ಯಾಕ್ಟರೀನಾ, ಪಾಂಡವಪುರಾನಾ?” ಹಾಗೆ ಕೇಳದಿದ್ದವರು ಭೀಮರಾಜ್ ಒಬ್ಬರೇ. ಅವರನ್ನೇ ಮದುವೆಯಾದರು. “ಆಮೇಲೆ ಗೊತ್ತಾಯ್ತು, ಅವ್ರಿಗೆ ಮಧ್ಯಸ್ಥಗಾರರ ಮಾತು ಕೇಳಿಸೇ ಇರ್ಲಿಲ್ಲ!”

ಈ ಕಿಣ್ವವನ್ನು ತಯಾರಿಸುವುದು ಒಂದು ಜಾತಿಯ ಕಪ್ಪು ಬೂಷ್ಟು. ಅದನ್ನು ಬೆಳೆಸಿ, ಅದರಿಂದ ಕಿಣ್ವ ತೆಗೆಯುವುದು ಆರಂಭದ ವರ್ಷಗಳ ಕೆಲಸ. ಪ್ರಯೋಗಾಲಯ ನೋಡಲು ಬಂದ ತಾಯಿ ಗಂಗರತ್ನಮ್ಮ ಗಾಜಿನ ತಟ್ಟೆಗಳನ್ನು ಒಂದೊಂದಾಗಿ ಬಗ್ಗಿ ನೋಡಿದರಂತೆ. ಕೊನೆಗೆ, “ಉಪ್ಪಿನಕಾಯಿಗೆ ಬೂಷ್ಟು ಬರ್ಬಾರ್ದು ಅಂತ ನಾನು ಜೀವಮಾನ ಪೂರ್ತಿ ಒದ್ದಾಡ್ದೆ. ನೀನು ಬರ್ಲಿ ಅಂತ ಒದ್ದಾಡ್ತಿದೀಯಲ್ಲೇ,” ಎಂದರಂತೆ.

ಬೂಷ್ಟಿಗಿಂತ ಸೂಕ್ಷ್ಮ ಅದರ ಕಿಣ್ವ. ಸೆಕೆಯಾದರೆ ಅದು ಕೆಲಸ ನಿಲ್ಲಿಸುತ್ತದೆ. ನಮ್ಮ ಜನ ಪಟ್ಟಿಯ ಡಬ್ಬಿ ಇಡುವುದು ಟಿವಿಯ ಮೇಲೆ, ಒಲೆಯ ಪಕ್ಕ, ಸ್ಕೂಟರ್ ಡಿಕ್ಕಿಯಲ್ಲಿ. ಅಲ್ಲೆಲ್ಲ ಬದುಕುಳಿಯುವಂತೆ ಕಿಣ್ವವನ್ನು ಪಟ್ಟಿಗೆ ಅಂಟಿಸಬೇಕೆಂಬುದೇ ಜ್ಯೋತಿಲಕ್ಷ್ಮಿಯವರ ಹಟ. ಆ ಹಟಕ್ಕೆ ಅಡ್ಡಿಗಳೂ ಕಡಿಮೆಯಿರಲಿಲ್ಲ. ಒಮ್ಮೆ ಆಯುಧಪೂಜೆಯ ಸಂಜೆ ಎಲ್ಲರೂ ಹೋದ ಮೇಲೆ, ಕಾವಲುಗಾರ ಮುನಿರಾಜು ಬಹಳ ಶ್ರದ್ಧೆಯಿಂದ ಎಲ್ಲ ಯಂತ್ರಗಳ ಸ್ವಿಚ್ ಆರಿಸಿ, ವಿಭೂತಿ ಹಚ್ಚಿ, ಫ್ರೀಜರ್‌ಗೆ ಎಲ್ಲಕ್ಕಿಂತ ದೊಡ್ಡ ಹಾರ ಹಾಕಿ, ಬೀಗ ಜಡಿದು ಹೋದರು. ರಜೆ ಮುಗಿಸಿ ಬರುವಷ್ಟರಲ್ಲಿ ಫ್ರೀಜರ್ ಒಳಗಿದ್ದ ಕಿಣ್ವವೆಲ್ಲ ಸತ್ತಿತ್ತು. ಎರಡು ವರ್ಷದ ಶ್ರಮ ಅದು.

“ಬೈಯೋಣ ಅಂತ ಕರೆದೆ. ಬಂದೋರು, ‘ಮೇಡಂ, ನಿಮ್ ಮಿಷನ್‌ಗೆ ಪೂಜೆ ಎಂಗೆ ಮಾಡಿದೀನಿ ನೋಡಿ’ ಅಂದ್ರು. ಹಾರ ಹಾಕ್ಕೊಂಡು ನಿಂತಿದ್ದ ಫ್ರೀಜರ್ ತೀರಿಹೋದವ್ರ ಫೋಟೊ ಥರಾನೇ ಕಾಣ್ತಿತ್ತು. ಕೈ ಮುಗಿದು ಮತ್ತೆ ಬೂಷ್ಟು ಬೆಳೆಸೋಕೆ ಶುರು ಮಾಡಿದೆ.”

ಆದರೆ ಅವರನ್ನು ನಿಜವಾಗಿ ಅಲ್ಲಾಡಿಸಿದ್ದು ಕಳೆದ ಬೇಸಿಗೆಯ ಪ್ರಕರಣ. ಸೆಕೆ ತಡೆಯುವ ಹೊಸ ಪಟ್ಟಿ ಕೊನೆಗೂ ಸಿದ್ಧವಾಗಿ, ಅಬ್ಬಿಗೆರೆ ಮತ್ತು ಆರ್.ಟಿ. ನಗರದಲ್ಲಿ ಒಪ್ಪಿಕೊಂಡವರ ಮೇಲೆ ಪರೀಕ್ಷೆ ನಡೆಯುತ್ತಿತ್ತು. ಎಲ್ಲರ ಅಂಕಿಯೂ ಆಸ್ಪತ್ರೆಯ ರಕ್ತಪರೀಕ್ಷೆಗೆ ಹೊಂದುತ್ತಿತ್ತು, ಆರ್.ಟಿ. ನಗರದ ಬೇಕರಿ ಮಾಲೀಕ ಖಾದರ್ ಬಾಷಾ ಅವರದ್ದನ್ನು ಬಿಟ್ಟು. ಆಸ್ಪತ್ರೆಯಲ್ಲಿ ಸಾಧಾರಣವಾಗಿರುತ್ತಿದ್ದ ಅವರ ಸಕ್ಕರೆ, ಬೆಳಗಿನ ಜಾವ ಪಟ್ಟಿಯಲ್ಲಿ ಮುನ್ನೂರು ದಾಟುತ್ತಿತ್ತು. ಪಟ್ಟಿಯೇ ಸರಿಯಿಲ್ಲ, ಯೋಜನೆ ನಿಲ್ಲಿಸೋಣ ಎಂದರು ಪ್ರಯೋಗಾಲಯದ ಮೇಲಿನವರು. ಪಟ್ಟಿ ಸರಿಯಾಗೇ ಇದೆ, ಗಂಡ ಕದ್ದು ತಿನ್ನುತ್ತಿದ್ದಾನೆ ಎಂದರು ಬಾಷಾ ಅವರ ಹೆಂಡತಿ ಪ್ಯಾರಿಜಾನ್. ಅಂದಿನಿಂದ ಬೇಕರಿಯ ದಿಲ್‌ಪಸಂದ್ ತಟ್ಟೆಗೆ ಅವರದೇ ಕಾವಲು. ಮನೆಯ ಸಕ್ಕರೆ ಡಬ್ಬಿ ಬೀರು ಸೇರಿತು.

“ಖುದಾ ಕಸಂ ಮೇಡಂ, ನಾನು ಒಂದ್ ಬಿಸ್ಕತ್ತೂ ಮುಟ್ಟಿರ್ಲಿಲ್ಲ. ಮಗಳು ಬೇರೆ ದಿನಾ ಬಂದು ನನ್ ಬಾಯಿ ವಾಸ್ನೆ ನೋಡೋಳು,” ಎಂದು ಬಾಷಾ ಈಗ ನನ್ನೆದುರೂ ಆಣೆ ಮಾಡುತ್ತಾರೆ.

ಪರೀಕ್ಷೆಯ ಅಂಕಿ ನೋಡಿ ಔಷಧಿ ಬದಲಿಸಬಾರದೆಂದು ಎಲ್ಲರಿಗೂ ಹೇಳಲಾಗಿತ್ತು. ಆದರೆ ಅವಮಾನ ತಾಳಲಾರದೆ ಬಾಷಾ ತಾವೇ ಇನ್ಸುಲಿನ್ ಪ್ರಮಾಣ ಏರಿಸಿಕೊಂಡರು. ಒಂದು ಮುಂಜಾನೆ ಸಕ್ಕರೆ ತೀರಾ ಇಳಿದು, ಮೈಯೆಲ್ಲ ಬೆವೆತು, ಕೈಕಾಲು ನಡುಗಿ ಓವನ್ ಪಕ್ಕ ಕುಸಿದರು. “ದಿಲ್‌ಪಸಂದ್‌ಗೋಸ್ಕರ ನಾಟಕ” ಎಂದುಕೊಂಡ ಪ್ಯಾರಿಜಾನ್, ಕಣ್ಣು ಮೇಲಾದದ್ದು ಕಂಡು ಚೀರಿ, ಸಕ್ಕರೆ ಕಲಸಿ ಅವರ ತುಟಿಯ ಒಳಗೆ ಸವರಿದರು. ಆಸ್ಪತ್ರೆ ತಲುಪುವಷ್ಟರಲ್ಲಿ ಬಾಷಾ ಎದ್ದು ಕೂತಿದ್ದರು.

ಸುದ್ದಿ ಕೇಳಿದ ಜ್ಯೋತಿಲಕ್ಷ್ಮಿ ಊಟ ಮಾಡಲಿಲ್ಲ. “ನನ್ನ ಪಟ್ಟಿ ನಂಬಿ ಒಬ್ಬ ಮನುಷ್ಯ ಬಿದ್ದ ಅಂದ್ರೆ, ಅದು ಎಷ್ಟು ವರ್ಷದ ಕೆಲಸ ಆಗಿದ್ರೇನು ಬಂತು? ತಪ್ಪು ಪಟ್ಟೀದೇ ಆಗಿದ್ರೆ ನಾನೇ ನಿಲ್ಲಿಸ್ಬಿಡ್ತೀನಿ ಅಂದ್ಕೊಂಡೆ.”

ಬಾಷಾ ಮನೆಗೆ ಮರಳಿದ ಮೇಲೆ ಒಂದು ಮುಂಜಾನೆ ಮೊದಲ ಬಸ್ಸು ಹಿಡಿದು ಬೇಕರಿಗೆ ಹೋದರು. ಮೈದಾ ಮೂಟೆಯ ಮೇಲೆ ಕೂತು, ದಿನಾ ಮಾಡುವುದನ್ನೇ ಮಾಡಿ ಎಂದರು. ಬಾಷಾ ಬಿಸಿ ಬನ್ನುಗಳ ಮೇಲೆ ಹೊಳಪಿಗೆಂದು ಕೈಯಲ್ಲೇ ಗ್ಲೂಕೋಸ್ ಪಾಕ ಸವರಿದರು. ಕೈಯನ್ನು ಏಪ್ರನ್‌ಗೆ ಒರೆಸಿಕೊಂಡರು. ಪಟ್ಟಿಯ ಜತೆ ಕೊಟ್ಟಿದ್ದ ಸೂಚನೆಯಂತೆ ಸ್ಪಿರಿಟ್ ಹತ್ತಿಯಿಂದ ಬೆರಳು ಒರೆಸಿ, ಚುಚ್ಚಿ, ಪಟ್ಟಿಗೆ ಮುಟ್ಟಿಸಿದರು. ಮುನ್ನೂರ ಹದಿನೆಂಟು!

“ಬಾಷಾ ಅವ್ರೇ, ಸೋಪು ಹಾಕಿ ಕೈ ತೊಳ್ಕೊಂಡು ಬನ್ನಿ.”

“ಸ್ಪಿರಿಟ್ ಹಾಕಿದೀನಲ್ಲ ಮೇಡಂ? ನೀವೇ ತಾನೆ ಬರ್ದಿರೋದು?”

“ನಾನೇ ಬರ್ದಿರೋದು. ನೀವು ತೊಳ್ಕೊಂಡು ಬನ್ನಿ.”

ತೊಳೆದು ಬಂದು ಮತ್ತೆ ಚುಚ್ಚಿದರೆ ನೂರ ನಾಲ್ಕು. ಪಟ್ಟಿ ಒಂದು ದಿನವೂ ತಪ್ಪಿರಲಿಲ್ಲ. ಸ್ಪಿರಿಟ್ಟಿಗೂ ಹೋಗದೆ ಬೆರಳ ತುದಿಯಲ್ಲಿ ಉಳಿದಿದ್ದ ಪಾಕವನ್ನೂ ಅದು ಪ್ರಾಮಾಣಿಕವಾಗಿ ಹಿಡಿದು ಹೇಳುತ್ತಿತ್ತು.

ಬಾಷಾ ಒದ್ದೆ ಕೈಯಲ್ಲೇ ಬೀದಿಗೆ ಓಡಿ ಹೆಂಡತಿಯನ್ನು ಕೂಗಿದರು. “ನೋಡು, ನೋಡು! ನಾನು ತಿಂದಿಲ್ಲ, ಬೆರಳು ತಿಂದಿರೋದು!”

ಪ್ಯಾರಿಜಾನ್ ಯಂತ್ರವನ್ನೊಮ್ಮೆ, ಗಂಡನನ್ನೊಮ್ಮೆ ನೋಡಿ, “ಬೆರಳು ನಿಮ್ದೇ ತಾನೆ?” ಎಂದರು.

ಜ್ಯೋತಿಲಕ್ಷ್ಮಿ ನಕ್ಕರು. ನಗುತ್ತಾ ನಗುತ್ತಾ ಅಳುವೇ ಬಂದುಬಿಟ್ಟಿತು. ಪ್ಯಾರಿಜಾನ್ ಕೊಟ್ಟ ಬಿಸಿ ಬನ್ನು ಹಿಡಿದು, ಮೂಟೆಯ ಮೇಲೇ ಕೂತು ಕಣ್ಣೊರೆಸಿಕೊಂಡರಂತೆ. ಆಮೇಲೆ ನೇರ ಯಶವಂತಪುರಕ್ಕೆ ಹೋಗಿ, ಪಟ್ಟಿ ಸರಿಯಿದೆ, ನಾನು ಬರೆದ ಸೂಚನೆ ತಪ್ಪು ಎಂದು ಮೇಲಿನವರ ಮುಂದೆ ಹೇಳಿದರು. ಬೇಕರಿಯವನ ಅಜಾಗ್ರತೆ ಎಂದು ಬರೆದರೆ ಚೆನ್ನಾಗಿರುತ್ತಲ್ಲ ಎಂದು ಯಾರೋ ಸಲಹೆ ಕೊಟ್ಟರು. ಇವರು ಒಪ್ಪಲಿಲ್ಲ. “ಅವ್ರು ನಾನು ಹೇಳಿದ್ದನ್ನೇ ಮಾಡಿದಾರೆ. ಕನ್ನಡದಲ್ಲಿ ಬರ್ದಿದ್ದಕ್ಕೆ ಓದಿದಾರೆ, ಓದಿದ್ದಕ್ಕೆ ಮಾಡಿದಾರೆ. ಅವ್ರ ತಪ್ಪೇನು?”

ಸೂಚನೆ ತಿದ್ದಿ ಪರೀಕ್ಷೆಯನ್ನು ಮೊದಲಿನಿಂದ ನಡೆಸಿದರು. ಈ ಸಲ ಬಾಷಾ ಅವರೂ ಸೇರಿದಂತೆ ಎಲ್ಲರ ಅಂಕಿಯೂ ಹೊಂದಿತು, ಮಂಜೂರಾತಿಯೂ ಬಂತು. ಮಾಕಳಿಯ ಬಳಿಯ ಘಟಕವೊಂದು ಪಟ್ಟಿ ತಯಾರಿಸಲು ಸಜ್ಜಾಗುತ್ತಿದೆ. ಡಬ್ಬಿಯ ಮೇಲೆ ಕಂಪನಿಯ ಹೆಸರಿರುತ್ತದೆ, ಜ್ಯೋತಿಲಕ್ಷ್ಮಿಯವರದ್ದಿಲ್ಲ. ಬೇಸರವಿಲ್ಲವೇ ಎಂದರೆ, “ಬೂಷ್ಟಿನ ಹೆಸರೂ ಹಾಕ್ತಿಲ್ಲ, ಕಷ್ಟಪಟ್ಟಿದ್ದು ಅದೇ ಜಾಸ್ತಿ,” ಎಂದು ನಗುತ್ತಾರೆ.

ಹಾಗಾದರೆ ಏನಾದರೂ ಆಸೆ? ಚಿಕ್ಕ ಹುಡುಗಿಯ ಹಾಗೆ ಸಂಕೋಚದಿಂದ ಹೇಳುತ್ತಾರೆ:

“ಯಲಹಂಕದಲ್ಲೋ ಹೆಬ್ಬಾಳದಲ್ಲೋ, ನಾನು ಯಾರು ಅಂತ ಗೊತ್ತಿಲ್ದಿರೋ ಮೆಡಿಕಲ್ ಶಾಪಿಗೆ ಹೋಗಿ ಒಂದು ಡಬ್ಬಿ ತಗೋಬೇಕು. ಅಂಗಡಿಯವ್ರು ‘ಅಮ್ಮಾ, ನಿಮಗೆ ಗೊತ್ತಾಗಲ್ಲ, ಇದನ್ನ ಹೇಗೆ ಯೂಸ್ ಮಾಡೋದು ಅಂತ ಹೇಳ್ಕೊಡ್ತೀನಿ ಇರಿ’ ಅನ್ಬೇಕು. ನಾನು ಏನೂ ಮಾತಾಡ್ದೆ, ಪೂರ್ತಿ ಕೇಳಿಸ್ಕೋಬೇಕು.”