ನೋವಾಗದವರ ಮನೆತನ

ಬಿ.ಪಿ. ನೋಡುವ ಪಟ್ಟಿ ತೋಳನ್ನು ಹಿಂಡುವಾಗ ಮುಖವನ್ನು ಹೇಗಿಟ್ಟುಕೊಳ್ಳಬೇಕೆಂದು ನಮಗೆ ಯಾರೂ ಕಲಿಸಿಲ್ಲ. ನಾನಂತೂ ಫೋಟೊಗೆ ಕೂತವನಂತೆ ಗೋಡೆಯ ಕ್ಯಾಲೆಂಡರನ್ನು ದಿಟ್ಟಿಸುತ್ತೇನೆ. ಸೊರಬದ ಡಾಕ್ಟರು "ನೋವಾಗ್ತದಾ?" ಎಂದರೆ "ಇಲ್ಲ" ಎನ್ನುವುದು ನಮ್ಮ ಮನೆತನದ ಉತ್ತರ.

ನಮ್ಮಲ್ಲಿ ಬಿ.ಪಿ. ಇಲ್ಲದವರಿಲ್ಲ, ನೋವಾಯಿತೆಂದವರಿಲ್ಲ. ಅಪ್ಪ ಮದುವೆಯೊಂದರಲ್ಲಿ ಕೊಪ್ಪರಿಗೆ ಇಳಿಸುವಾಗ ಬೆರಳು ಜಜ್ಜಿಕೊಂಡೂ ಪಂಕ್ತಿಯಲ್ಲಿ ಕೂತು ಏಳು ಹೋಳಿಗೆ ತಿಂದರು. (ಹೋದ ಸಲ ಹೇಳುವಾಗ ಐದಿತ್ತು, ನನ್ನ ನೆನಪಿಗೆ ಹಸಿವು ಜಾಸ್ತಿ.) ಬಳ್ಳಿಗಾವಿಯಿಂದ ಬಂದ ನನ್ನ ಹೆಂಡತಿಯೋ, ಬಾಚಣಿಗೆಗೆ ಕೂದಲು ಸಿಕ್ಕರೂ ಶಿಕಾರಿಪುರಕ್ಕೆ ಕೇಳುವಂತೆ ಕೂಗುವವಳು. ಅವಳ ತವರಿನಲ್ಲಿ ಯಾರಿಗೂ ಬಿ.ಪಿ. ಇಲ್ಲ.

ಹೋದ ತಿಂಗಳು ಗುಡವಿ ಕೆರೆಯ ಹಕ್ಕಿ ನೋಡಿ ಮನೆಗೆ ಬಂದವನ ಹಿಂದೆಯೇ, ಆಗಷ್ಟೇ ಒರೆಸಿದ ನೆಲದ ಮೇಲೆ ಕೆಂಪು ಹೆಜ್ಜೆಗಳೂ ಬಂದವು.

"ಏನ್ರೀ, ಲಕ್ಷ್ಮಿ ಬಂದಂಗ ಬಂದೀರಲ್ಲ! ಕಾಲಾಗ ಬಿದಿರುಮುಳ್ಳು ಐತಿ!" ಎಂದು ಚೀರಿದ್ದು ಹೆಂಡತಿ.

ಮುಳ್ಳು ಕಿತ್ತ ಡಾಕ್ಟರು ಬಿ.ಪಿ. ನೋಡಿ ಹುಬ್ಬೇರಿಸಿದರು. ಹೆತ್ತವರಿಗೆ ಬಿ.ಪಿ. ಇದ್ದ ಕೆಲವರಿಗೆ, ತಮಗೆ ಅದು ಬರುವ ಮೊದಲೇ, ನೋವು ತುಸು ಕಡಿಮೆ ತಿಳಿಯುತ್ತದಂತೆ. ನಮ್ಮ ವಂಶದ ಶೌರ್ಯವೆಲ್ಲ ನರಗಳ ಆಲಸ್ಯವೆಂದಾಯಿತು.

"ಮುಳ್ಳು ಹೋಗ್ಲಿ. ನಾಳೆ ಎದೆ ನೋವು ಬಂದ್ರೂ ನೀವು ಇಲ್ಲ ಅಂತೀರಲ್ಲ, ಅದಕ್ಕೇನ್ ಮಾಡೋಣ?" ಎಂದರು.

ಅಪ್ಪ, ಗ್ಯಾಸು ಎಂದು ಸೋಡಾ ಕುಡಿದು ಮಲಗಿದವರು, ಏಳಲಿಲ್ಲ. ಆದರೂ ನಾನು ಮಾತ್ರೆಯ ಚೀಟಿಯನ್ನು ಜೇಬಿಗಿಳಿಸಿ, ನಮ್ಮ ಶೌರ್ಯಕ್ಕೆ ಸಾಕ್ಷಿ ಹುಡುಕಿಕೊಂಡು ಹೊಸಬಾಳೆಗೆ, ಅಪ್ಪನ ತಂಗಿಯ ಮನೆಗೆ ಹೋದೆ.

ಹೋಳಿಗೆಯ ಕತೆ ಕೇಳಿ ಅತ್ತೆ ಕೆಮ್ಮು ಬರುವಷ್ಟು ನಕ್ಕರು. "ಮದುವೆ ಅಲ್ಲ ಮಾರಾಯ, ನಮ್ಮನೇದೇ ತಿಥಿ. ಹೋಳಿಗೆ ಅಲ್ಲ, ವಡೆ. ನಿಮ್ಮಪ್ಪ ಉಂಡು ಎದ್ದವ ಕೊಟ್ಟಿಗೆಗೆ ಹೋಗಿ ಎಮ್ಮೆ ಕುತ್ತಿಗೆ ತಬ್ಕಂಡು ಅತ್ತಿದ್ದ. ಬಾಗಿಲಲ್ಲಿ ಕಾವಲು ನಾನೇ."

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಅತ್ತೆ?"

"ಎಮ್ಮೆನೂ ಹೇಳ್ಲಿಲ್ಲಲ!"

ಬರುವಾಗ ದಾರಿಯಲ್ಲೇ ಮಾತ್ರೆ ಕೊಂಡೆ. ಡಾಕ್ಟರು ಹೇಳಿದ್ದು ಸುಳ್ಳಿರಲಾರದು. ಆದರೆ ನಮ್ಮಲ್ಲಿ ರಕ್ತ ಎಷ್ಟು, ರೂಢಿ ಎಷ್ಟು ಎಂದು ಅಳೆಯುವ ಪಟ್ಟಿ ಅವರ ಬಳಿಯೂ ಇರಲಿಲ್ಲ. ಗುಡವಿಯಲ್ಲಿ ಏನೋ ಚುಚ್ಚಿದ್ದು ನನಗೂ ಗೊತ್ತಾಗಿತ್ತು, ಕೂಗಿದರೆ ಹಕ್ಕಿ ಹಾರೀತೆಂದು ಸುಮ್ಮನಿದ್ದೆ. ಅಥವಾ ಅತ್ತೆಯ ಮಾತು ಕೇಳಿದ ಮೇಲೆ ಹಾಗೆ ನೆನಪಾಗುತ್ತಿದೆ.

ಹದಿನೈದು ದಿನ ಬಿಟ್ಟು ಮತ್ತೆ ಪಟ್ಟಿ ತೋಳು ಹಿಂಡಿತು. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಕ್ಯಾಲೆಂಡರ್ ಅಲ್ಲೇ ಇತ್ತು. ನಾನು ಮಾತ್ರ ಪಕ್ಕದಲ್ಲಿ ಕೂತ ಹೆಂಡತಿಯತ್ತ ನೋಡಿದೆ. ನನ್ನ ಪರವಾಗಿ ಅವಳು ಆಗಲೇ ಮುಖ ಕಿವುಚಿದ್ದಳು.

"ಸ್ವಲ್ಪ ನೋಯ್ತದೆ," ಎಂದೆ.

"ಬರಕೊಳ್ರೀ ಡಾಕ್ಟ್ರೇ," ಎಂದಳು ಅವಳು, "ಮಾತು ಬದಲಾಗೋಕ್ ಮೊದ್ಲು ಬರಕೊಳ್ರೀ!"