ಅಡ್ಡಕಂಬಿ ಇಲ್ಲದ ಸೈಕಲ್ಲು

ಹೆಂಗಸರ ಅನುಕೂಲಕ್ಕೆಂದು ಗಂಡಸರು ಒಂದು ವಸ್ತು ಆರಿಸಿ ತಂದರೆ ಅದು ಹೇಗಿರುತ್ತದೆ ಎಂಬುದನ್ನು ನಾನು ಒಂದು ವ್ಯಾನಿನ ಹಿಂಬದಿಯಲ್ಲಿ ನೋಡಿದ್ದೇನೆ. ಈಗ ನೆನೆದರೂ ಮೈ ಉರಿಯುತ್ತದೆ.

ಆಗ ನಾನು ಆಂಧ್ರದ ಗಡಿಯೊಳಗಿನ ರೊಳ್ಳದ ಕಡೆಯ ನಮ್ಮೂರಿಂದ ದಿನಾ ಗಾರ್ಮೆಂಟ್ಸಿಗೆ ಹೋಗುತ್ತಿದ್ದೆ. ಗಂಡಸರು ಗಾರೆ ಕೆಲಸಕ್ಕೆಂದು ಬೆಂಗಳೂರು ಸೇರುತ್ತಿದ್ದ ವರ್ಷಗಳು ಅವು. ಹೆಂಗಸರನ್ನು ಗಾರ್ಮೆಂಟ್ಸಿನ ವ್ಯಾನು ತುಂಬಿಕೊಂಡು ಹೋಗುತ್ತಿತ್ತು. ಊರೊಳಕ್ಕೆ ಮಾತ್ರ ಬರುತ್ತಿರಲಿಲ್ಲ, ಬಂದರೆ ಅದರ ಮರ್ಯಾದೆ ಹೋಗುತ್ತಿತ್ತೇನೋ. ಟಾರು ರಸ್ತೆಯಿಂದ ನಮ್ಮೂರ ದಾರಿ ಒಡೆಯುವ ಗೇಟಿನವರೆಗೆ ನಾವೇ ಸೈಕಲ್ ತುಳಿದು ಹೋಗಿ ಕಾಯಬೇಕು. ಸಂಜೆ ಅದು ಅಮರಾಪುರದ ಮೇಲೆ ಸುತ್ತಿಕೊಂಡು ಬಂದು ಬೇರೊಂದು ಗೇಟಿನಲ್ಲಿ ನಮ್ಮನ್ನು ಉದುರಿಸುತ್ತಿತ್ತು. ಹಾಗೆ ಸುತ್ತಿದರೆ ಡೀಸೆಲ್ ಉಳಿಯುತ್ತದಂತೆ. ನಮ್ಮ ಸೈಕಲ್ಲುಗಳು ಬೆಳಗಿನ ಗೇಟಿನ ಟೀ ಅಂಗಡಿಯ ಹಿಂದೆ ಬಿದ್ದಿರುತ್ತಿದ್ದವು; ಮನೆಯ ಹುಡುಗರು ರಾತ್ರಿ ಹೋಗಿ ತಂದಿಟ್ಟರೆ ಉಂಟು, ಇಲ್ಲದಿದ್ದರೆ ಮಾರನೆಯ ಬೆಳಗ್ಗೆಯೂ ನಡಿಗೆಯೇ. ನಾವು ಸಂಜೆಯ ಗೇಟಿನಿಂದ ಐದು ಕಿಲೋಮೀಟರು ಮಣ್ಣುದಾರಿ ಸವೆಸುತ್ತಿದ್ದೆವು.

ನನಗಿಂತ ಎರಡು ವರ್ಷ ದೊಡ್ಡವಳು ಒಬ್ಬಳಿದ್ದಳು. ನಮ್ಮೂರಿಂದ ಒಂದು ಕಿಲೋಮೀಟರು ಆಚೆಯ ಹಟ್ಟಿಯವಳು. ಅಕ್ಕ ಅನ್ನುತ್ತಿದ್ದೆ. ಚಿಕ್ಕಂದಿನಲ್ಲಿ ಜ್ವರ ಬಂದು ಅವಳ ಬಲಗಾಲು ಸಣ್ಣಗಾಗಿತ್ತು. ನಡೆಯಲು ಬಿಟ್ಟರೆ ಅರ್ಧ ಮೈಲಿಗೆ ಕೂತುಬಿಡುತ್ತಿದ್ದಳು. ಸೈಕಲ್ ಹತ್ತಿದಳೋ, ನಮ್ಮನ್ನೆಲ್ಲ ಹಿಂದಕ್ಕೆ ಹಾಕುತ್ತಿದ್ದಳು. ಅಂಗಿಗೆ ಕಾಲರ್ ಕೂರಿಸುವುದರಲ್ಲಂತೂ ಇಡೀ ಹೊಲಿಗೆ ಲೈನಿನಲ್ಲಿ ಅವಳಿಗೆ ಸಾಟಿಯಿರಲಿಲ್ಲ. ಅವಳ ಅಪ್ಪ ಬೆಳಗಿನ ಗೇಟಿನಿಂದ ಸೈಕಲ್ಲನ್ನು ಸಂಜೆಯ ಗೇಟಿಗೆ ತಂದು ನಿಲ್ಲಿಸಿಕೊಂಡಿರುತ್ತಿದ್ದ. ಅವನು ಕುರಿ ಹೊಡೆದುಕೊಂಡು ಮೇವು ಹುಡುಕಿ ದೂರದ ಸೀಮೆಗೆ ಹೋದ ಮೇಲೆ ಆ ಅನುಕೂಲವೂ ತಪ್ಪಿತು.

"ಸೈಕಲ್ಲು ವ್ಯಾನ್ ಜೊತೇಲೇ ಬರ್ಬೇಕು ಕಣೆ," ಅಂದಳು. "ಇಲ್ದಿದ್ರೆ ನಾನು ಕೆಲ್ಸ ಬಿಟ್ಟಂಗೇ. ಮನೇಲಿ ಕೂತು ಅತ್ಗೆ ಹತ್ರ ಹಿಟ್ಟು ಕೇಳ್ಕೊಂಡು ತಿನ್ನೋ ಬಾಳು ನಂಗೆ ಬ್ಯಾಡ."

ತಗಡು ನೆಗ್ಗುತ್ತದೆ ಅಂತ ವ್ಯಾನಿನ ಓನರು ಟಾಪಿನ ಮೇಲೆ ಏನನ್ನೂ ಹತ್ತಿಸಲು ಬಿಡುತ್ತಿರಲಿಲ್ಲ. ಅಕ್ಕ ಒಂದು ಖಾಲಿ ರಟ್ಟಿನ ಡಬ್ಬ ಹರಿದು, ಬಟ್ಟೆಗೆ ಗುರುತು ಹಾಕುವ ಚಾಕಿನಲ್ಲಿ ಚಿತ್ರ ಬರೆದಳು. ವ್ಯಾನಿನ ಹಿಂದೆ ಒಂದು ಕಬ್ಬಿಣದ ಚೌಕಟ್ಟು, ಅದರ ಮೇಲೆ ಗಾಲಿಗಳು ಕೂರುವಷ್ಟು ಅಗಲದ ನಾಲ್ಕು ದೋಣಿ, ಕಟ್ಟಲು ಹಗ್ಗ. ಮಡಕಶಿರಾದಲ್ಲಿ ಮಂಚ, ಗೇಟು ಮಾಡುವ ಯಾವ ವೆಲ್ಡಿಂಗಿನವನಾದರೂ ಅರ್ಧ ದಿನದಲ್ಲಿ ಮಾಡಿಕೊಡುವಂಥದ್ದು. ಅದನ್ನು ಹಿಡಿದುಕೊಂಡು ಇಬ್ಬರೂ ಓನರಿನ ಹತ್ತಿರ ಹೋದೆವು.

ಆ ಮನುಷ್ಯ ರಟ್ಟನ್ನು ತಲೆಕೆಳಗಾಗಿ ಹಿಡಿದು ನೋಡಿದ. "ಮಜ್ಜಿಗೆಗೆ ಬಂದೋರಿಗೆ ಎಮ್ಮೆ ಕ್ರಯ ಯಾಕವ್ವ? ನಮ್ಮ ಅಳಿಯಂದ್ರು ಬೆಂಗ್ಳೂರಲ್ಲವ್ರೆ. ಅವ್ರಿಗೆ ಹೇಳಿದ್ರೆ ಎಲ್ಲಾ ನೋಡಿ ತತ್ತಾರೆ," ಅಂದ. ರಟ್ಟಿನಲ್ಲೇ ಗಾಳಿ ಬೀಸಿಕೊಂಡ.

ಅಳಿಯಂದ್ರು! ಊರಿಗೆಲ್ಲ ಒಂದು ದಾರಿಯಾದರೆ ಯಡವಟ್ಟನಿಗೇ ಒಂದು ದಾರಿ ಅನ್ನುತ್ತಾರಲ್ಲ, ಆ ಯಡವಟ್ಟ ಇವನೇ. ಭಾನುವಾರ ಬೆಟ್ಟದ ಮೇಲೆ ಸೈಕಲ್ ಹೊಡೆಯುವ ಶೋಕಿಯಂತೆ. ಕೆಲಸವಿಲ್ಲದೆ ಬೆಟ್ಟ ಹತ್ತುವವರನ್ನು ನಾವು ಮೇಕೆಗಳಲ್ಲಿ ಮಾತ್ರ ಕಂಡಿದ್ದೆವು. ಹದಿನೈದು ದಿನ ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ಒಂದು ಸೈಕಲ್ ಸ್ಟ್ಯಾಂಡು ಆರಿಸಿದನಂತೆ. ಅಷ್ಟು ದಿನದಲ್ಲಿ ಒಂದು ಫೋನು ಮಾಡಿ "ಅಮ್ಮಾ, ನಿಮ್ಮ ಸೈಕಲ್ಲು ಎಂಥದ್ದು?" ಅಂತ ಕೇಳಲು ಅವನಿಗೆ ಪುರುಸೊತ್ತಾಗಲಿಲ್ಲ.

ಬಂತು ಸ್ಟ್ಯಾಂಡು. ವ್ಯಾನಿನ ಅಡಿಗೆ ಬೋಲ್ಟ್ ಹಾಕಿದ ಒಂದು ಚೌಕದ ಕೊಳವೆ, ಅದರೊಳಗೆ ತೂರಿಸಿ ನಿಲ್ಲಿಸುವ ಕರಿಯ ಕಂಬ, ಕಂಬದ ತುದಿಯಿಂದ ಹಿಂದಕ್ಕೆ ಚಾಚಿದ ಎರಡು ತೋಳು. ಸೈಕಲ್ಲಿನ ಅಡ್ಡಕಂಬಿಯನ್ನು ಆ ತೋಳುಗಳ ಮೇಲೆ ಇಟ್ಟು, ಸೈಕಲ್ಲನ್ನು ನೇತುಹಾಕಿ ಬೆಲ್ಟು ಬಿಗಿಯಬೇಕು. ಗೇಟಿನಲ್ಲಿ ಪೂಜೆ ಬೇರೆ. ಅಳಿಯ ನಿಂತಿದ್ದ, ಮಾವ ಕುಂಕುಮ ಇಟ್ಟು, ಕರ್ಪೂರ ಹಚ್ಚಿ, ತೆಂಗಿನಕಾಯಿ ಒಡೆದ. ಆಮೇಲೆ ನಮ್ಮ ಕಡೆ ತಿರುಗಿ, "ತನ್ನಿ ಸೈಕಲ್ಲು," ಅಂದ.

ನಾಲ್ಕು ಜನ ನಾಲ್ಕು ಸೈಕಲ್ ತಂದೆವು. ನಾಲ್ಕೂ ಲೇಡೀಸ್ ಸೈಕಲ್ಲು. ಹೈಸ್ಕೂಲಿನಲ್ಲಿ ಸರ್ಕಾರದವರು ಕೊಟ್ಟವು. ಅಡ್ಡಕಂಬಿ ಎಲ್ಲಿಂದ ಬರಬೇಕು?

ಅಳಿಯ ಕಣ್ಣು ಕಣ್ಣು ಬಿಟ್ಟ. ಅಯ್ಯೋ ನಿನ್ನ ಹದಿನೈದು ದಿನಕ್ಕೆ ಬೆಂಕಿ ಹಾಕ, ಅಂದುಕೊಂಡೆ. ಅವನಿಗೆ ಒಂದಿಷ್ಟು ನಾಚಿಕೆಯಾದರೂ ಆಯಿತೇ? "ಇದು ಇಂಟರ್‌ನ್ಯಾಷನಲ್ ಮಾಡೆಲ್ಲು," ಅಂದ. "ನೀವು ಜೆಂಟ್ಸ್ ಸೈಕಲ್ ತಗೊಳ್ರಿ." ಮಾವನ ಕಡೆ ಬಾಗಿ, ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅಂತ ನಮಗೆ ಕೇಳುವ ಹಾಗೇ ಪಿಸುಗುಟ್ಟಿದ.

ಅಕ್ಕ ಜಗ್ಗಲಿಲ್ಲ. ಒಂದು ಬಿದಿರಿನ ಗಳು ತಂದು, ಸೀಟಿನ ಕೆಳಗಿಂದ ಹ್ಯಾಂಡಲಿನವರೆಗೆ ಬಟ್ಟೆಯ ಅಂಚಿನ ಪಟ್ಟಿಗಳಿಂದ ಬಿಗಿದು ಕಟ್ಟಿ ತನ್ನ ಸೈಕಲ್ಲಿಗೆ ತಾನೇ ಅಡ್ಡಕಂಬಿ ಮಾಡಿದಳು. ಓನರಿನ ಅಳಿಯನಿಗಿಂತ ನೂರು ಪಾಲು ಬುದ್ಧಿ ಅವಳಿಗಿತ್ತು. ಒಂದು ವಾರ ಹಾಗೇ ನಡೆಯಿತು. ಎರಡನೇ ವಾರ ರಸ್ತೆಯುಬ್ಬು ಹಾರಿದಾಗ ಗಳು ಜಾರಿತು. ಸೈಕಲ್ಲು ಟಾರಿನ ಮೇಲೆ ಬಿತ್ತು, ಮುಂದಿನ ಗಾಲಿ ಸೊಟ್ಟಗಾಯಿತು. ಹಿಂದೆ ಬರುತ್ತಿದ್ದ ಲಾರಿಯವನು ಬ್ರೇಕ್ ಒತ್ತಿ, ಇಳಿದು ಬಂದು ತೆಲುಗಿನಲ್ಲಿ ಓನರಿನ ವಂಶವನ್ನೆಲ್ಲ ಬೈದು ಹೋದ.

ಮಾರನೆಯ ದಿನ ಓನರು ಹೇಳಿದ: "ನಾಳೆಯಿಂದ ಕಂಬಿ ಇರೋ ಸೈಕಲ್ ಮಾತ್ರ. ಗಳು ಗಿಳು ಏನೂ ಬ್ಯಾಡ."

"ಯಜಮಾನ್ರೆ, ಈ ಕಾಲಲ್ಲಿ ಜೆಂಟ್ಸ್ ಸೈಕಲ್ ಹೆಂಗೆ ಹತ್ತಲಿ?" ಅಕ್ಕ ಕೇಳಿದಳು. "ಅದನ್ನ ಬಿಚ್ಚಿ, ನಾನು ಬರ್ದಂಗೆ ಒಂದು ಮಾಡ್ಸಿ."

"ಅಳಿಯ ತಂದಿದ್ದು ಕಣವ್ವ. ಪೂಜೆ ಮಾಡಿ ಹಾಕಿರೋದು. ಬಿಚ್ಚಿದ್ರೆ ಅವ್ರು ಮುನಿಸ್ಕೊಳ್ಳಲ್ವಾ? ನನ್ನ ಮಗಳು ಬಾಳೋದೆಂಗೆ?"

ನಾನು ಸುಮ್ಮನಿರಲಿಲ್ಲ. "ನಿಮ್ಮ ಅಳಿಯನ ಮುನಿಸಿಗೆ ನಾವ್ಯಾಕೆ ಕೆಲ್ಸ ಬಿಡ್ಬೇಕು? ಆ ಕಬ್ಬಿಣಾನ ಅವ್ರ ಮನೆ ಬಾಗ್ಲಿಗೆ ತೋರಣ ಕಟ್ಕೊಳ್ಳಿ," ಅಂತ ಮುಖದ ಮೇಲೆ ಹೊಡೆದ ಹಾಗೆ ಹೇಳಿದೆ. ವ್ಯಾನಿನಲ್ಲಿದ್ದ ಹೆಂಗಸರು ಕಿಸಕ್ಕನೆ ನಕ್ಕರು. ನನಗೆ ಭಾರಿ ಹೆಮ್ಮೆಯಾಯಿತು. ನಕ್ಕವರಲ್ಲಿ ಇಬ್ಬರು ಮಾರನೆಯ ದಿನವೇ ಅಣ್ಣಂದಿರ ಸೈಕಲ್ ತಂದರು.

ಥೂ, ಅವರನ್ನೇಕೆ ಅನ್ನಲಿ? ಸೋಮವಾರ ನಾನೂ ನನ್ನ ತಮ್ಮನ ಸೈಕಲ್ ತಂದೆ. ಸೀರೆ ಬಿಟ್ಟು ಚೂಡಿದಾರ ಹಾಕಿಕೊಂಡು, ಅಡ್ಡಕಂಬಿಯ ಮೇಲೆ ಕಾಲು ಹಾರಿಸಿ ತುಳಿದುಕೊಂಡು ಬಂದೆ.

ಗೇಟಿನಲ್ಲಿ ಅಕ್ಕ ನಿಂತಿದ್ದಳು. ಗಾಲಿ ಸರಿಮಾಡಿಸಿಕೊಂಡಿದ್ದ ತನ್ನ ಸೈಕಲ್ಲಿನಲ್ಲೇ ಬಂದಿದ್ದಳು, ಕೈಯಲ್ಲಿ ಊಟದ ಡಬ್ಬಿ ಹಿಡಿದಿದ್ದಳು. ನನ್ನ ಸೈಕಲ್ಲಿನ ಕಂಬಿಯನ್ನೊಮ್ಮೆ ನೋಡಿದಳು. ಹಿಂದಿನ ಕ್ಯಾರಿಯರನ್ನೂ ನೋಡಿದಳು. ನನ್ನ ತಮ್ಮ ಎರಡು ಮೂಟೆ ಹೇರುತ್ತಿದ್ದ ಗಟ್ಟಿ ಕ್ಯಾರಿಯರು ಅದು. ಸಂಜೆ ಅದರ ಮೇಲೆ ಅವಳನ್ನು ಕೂರಿಸಿಕೊಂಡು ಬಂದು ಹಟ್ಟಿಗೆ ಬಿಟ್ಟು ಬರುವುದು ಏನು ಮಹಾ? ನಮ್ಮೂರಿಂದ ಆಚೆಗೆ ಒಂದೇ ಕಿಲೋಮೀಟರು.

ಅವಳು ಬಾಯಿಬಿಟ್ಟು ಕೇಳಲಿಲ್ಲ. ನಾನು ಹೇಳುತ್ತೇನೇನೋ ಅಂತ ಕಾದಳು. ದಿನವೆಲ್ಲ ಮೆಷಿನ್ ತುಳಿದ ಕಾಲಲ್ಲಿ ಇನ್ನೊಬ್ಬಳನ್ನೂ ಎಳೆಯಬೇಕಲ್ಲ, ಅದೂ ದಿನಾ, ಅಂತ ನನ್ನ ಮನಸ್ಸು ಲೆಕ್ಕ ಹಾಕುತ್ತಿತ್ತು. ಓನರಿಗೆ ಅಷ್ಟು ಮಾತು ಆಡಿದ ನಾನು ಬಗ್ಗಿ ಚಪ್ಪಲಿಯ ಬಕಲು ಸರಿಮಾಡಿಕೊಂಡೆ.

ವ್ಯಾನು ಬಂತು. ಸೈಕಲ್ಲನ್ನು ಆ ತೋಳುಗಳ ಎತ್ತರಕ್ಕೆ ಎತ್ತಲು ನನ್ನೊಬ್ಬಳಿಂದ ಆಗಲಿಲ್ಲ. ಅಕ್ಕ ಡಬ್ಬಿಯನ್ನು ನೆಲಕ್ಕಿಟ್ಟು, ಕುಂಟುತ್ತಾ ಬಂದು ಹಿಂದಿನ ಗಾಲಿಗೆ ಕೈಕೊಟ್ಟಳು. ಬೆಲ್ಟನ್ನು ತಾನೇ ಎಳೆದು ಬಿಗಿದಳು.

"ಸಂಜೆ ಬಿಚ್ಚುವಾಗ ಹುಷಾರು ಕಣೆ, ಕಾಲ್ ಮೇಲೆ ಬಿದ್ದಾತು," ಅಂದಳು.

ನಾನು ಒಳಗೆ ಹತ್ತಿದೆ, ಅವಳು ಡಬ್ಬಿ ಎತ್ತಿಕೊಂಡು ತನ್ನ ಸೈಕಲ್ಲಿನ ಕಡೆ ತಿರುಗಿದಳು. ಅವಳು ದಿನಾ ಕೂರುತ್ತಿದ್ದ ಕಿಟಕಿಯ ಸೀಟು ಖಾಲಿಯಿತ್ತು. ಅಲ್ಲೇ ಹೋಗಿ ಕೂತೆ.